ಬೀದಿಗೆ ಕೇಳುವಂತೆ ಕೂಗಿದ ಹೆಸರು

ಗುರುವಾರ ಸಂಜೆ ಆರು ಗಂಟೆಯೆಂದರೆ ಕೈಲಾಂಚದ ಸುತ್ತಿನ ಹಳ್ಳಿಗಳಲ್ಲಿ ಅದು ಶಾಲಿನಿಯ ದನಿಯ ಹೊತ್ತು. ಡೇರಿಯ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತವರು ಮೊಬೈಲಿನಲ್ಲಿ ರೇಡಿಯೊ ಹಚ್ಚುತ್ತಿದ್ದರು. ರೇಷ್ಮೆಹುಳದ ಮನೆಯಲ್ಲಿ ಸೊಪ್ಪು ಹಾಕುವ ಹೆಂಗಸರು ಪಕ್ಕದಲ್ಲೇ ಸೆಟ್ಟು ಇಟ್ಟುಕೊಳ್ಳುತ್ತಿದ್ದರು. 'ರೇಷ್ಮೆ ದನಿ' ಸಮುದಾಯ ಬಾನುಲಿಗೆ ಇದ್ದದ್ದು ಎರಡು ಕೋಣೆ, ಮೇಲೊಂದು ಕಂಬ, ಸದ್ದು ಹೊರಗೆ ಹೋಗದಂತೆ ಗೋಡೆಗೆ ಹೊಡೆದ ಹಳೆಯ ಕಂಬಳಿಗಳು. ಅಷ್ಟರಿಂದಲೇ ಶಾಲಿನಿ 'ಹೆಸರಿಗೊಂದು ಕಥೆ' ಎಂಬ ಕಾರ್ಯಕ್ರಮವನ್ನು ತೊಂಬತ್ತೆಂಟು ವಾರ ನಡೆಸಿದ್ದಳು.

ಎಂಥೆಂಥವರು ಬಂದು ಹೋಗಿದ್ದರು! "ಹುಟ್ದಾಗ ಕೆಂಚಗಿದ್ನಂತೆ ಕಣವ್ವ, ಅದುಕ್ಕೇ ಕೆಂಚಯ್ಯ ಅಂದ್ರು. ಈಗ ನೋಡುದ್ರೆ ಇದ್ಲು ಮೂಟೆ" ಎಂದಿದ್ದ ಒಬ್ಬ ಮುದುಕ. ಮಾಗಡಿ ಕಡೆಯಿಂದ ಬಂದ ಸೊಸೆಯೊಬ್ಬಳು ತನ್ನ ತವರಿನಲ್ಲಿ ಕೆಂಪಯ್ಯ ಎಂದು ಕೂಗಿದರೆ ಐದು ಬಾಗಿಲು ತೆರೆಯುತ್ತವೆ ಎಂದಿದ್ದಳು. ಪಾಸ್‌ಪೋರ್ಟಿನ ಅರ್ಜಿಯಲ್ಲಿ ಸರ್‌ನೇಮ್ ಕೇಳಿದ್ದಕ್ಕೆ ಏನೂ ತೋಚದೆ ಮನೆದೇವರ ಹೆಸರು ಬರೆದು ಬಂದ ಶಶಾಂಕ್‌ನನ್ನು ಎರಡು ವಾರ ಜನ ಮರೆತಿರಲಿಲ್ಲ. ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ ಬಿಟ್ಟರೆ ಈ ಸೀಮೆಯವರಿಗೆ ಅಡ್ಡಹೆಸರೆಲ್ಲಿಂದ ಬರಬೇಕು? ಇನ್ನು ಗಂಡನ ಹೆಸರು ಹೇಳಿ ಎಂದರೆ ಮುದುಕಿಯರು ಮೈಕಿನ ಮುಂದೆಯೂ ಸೆರಗು ಬಾಯಿಗೆ ಇಟ್ಟುಕೊಳ್ಳುತ್ತಿದ್ದರು. "ಬೆಟ್ಟದ ಮ್ಯಾಲವ್ನಲ್ಲ, ಅವ್ನ ಹೆಸ್ರೇ ನಮ್ಮೆಜಮಾನ್ರುದ್ದು" ಎಂದು ಒಬ್ಬಾಕೆ ಹೇಳಿದರೆ, ಯಾವ ಬೆಟ್ಟ ಎಂದು ಜಿಲ್ಲೆಯೆಲ್ಲ ಫೋನು ಮಾಡಿತ್ತು.

ಶಾಲಿನಿಗೆ ನಲವತ್ತಾರು. ಆಟೋದವರು ಮುಖ ನೋಡುವ ಮೊದಲೇ ದನಿಯಿಂದ ಅವಳನ್ನು ಗುರುತಿಸಿ, "ರೇಡಿಯೊ ಅಕ್ಕ, ಕುಂತ್ಕಳಿ" ಎನ್ನುತ್ತಿದ್ದರು. ಆ ಹೆಮ್ಮೆಯನ್ನು ಅವಳು ಒಳ್ಳೆಯ ಸೀರೆಯ ಹಾಗೆ ಮಡಿಕೆ ಕೆಡದಂತೆ ಕಾಪಾಡಿಕೊಂಡಿದ್ದಳು. ಊರವರ ಹೆಸರನ್ನೆಲ್ಲ ಬಗೆದ ಅವಳನ್ನು ಮಾತ್ರ ಯಾರೂ ಕೇಳಿರಲಿಲ್ಲ, ನಿನ್ನ ಹೆಸರು ಎಲ್ಲಿಂದ ಬಂತು ಎಂದು.

ತೊಂಬತ್ತೊಂಬತ್ತನೇ ವಾರಕ್ಕೆ, ಸ್ಟುಡಿಯೋದ ಯಂತ್ರಗಳನ್ನು ನೋಡಿಕೊಳ್ಳುವ ಸುಹಾನಾ ತಾನೇ ರೆಕಾರ್ಡರ್ ಹಿಡಿದು ಹಳ್ಳಿಗೆ ಹೋದಳು. ಹೋದದ್ದು ಶಾಲಿನಿಯ ತವರಿಗೆ. ಸಂಜೆ ಬಂದವಳು ರೆಕಾರ್ಡರನ್ನು ಮೇಜಿನ ಮೇಲಿಟ್ಟಳು.

"ನಿಮ್ಮ ಅವ್ವ ಮಾತಾಡಿದ್ದಾರೆ ಅಕ್ಕ. ನೀವೇ ಕೇಳಿ" ಎಂದಷ್ಟೇ ಹೇಳಿ ಟೀ ತರಲು ಹೊರಟುಹೋದಳು.

ಶಾಲಿನಿ ಹೆಡ್‌ಫೋನ್ ಹಾಕಿಕೊಂಡಳು. ಅವ್ವ ಚಿಕ್ಕಲಕ್ಷ್ಮಮ್ಮ ಮೊದಲು ತನ್ನ ಹೆಸರಿನ ಸಂಗತಿ ಹೇಳಿದಳು. ಮನೆಯಲ್ಲಿ ಆಗಲೇ ಒಬ್ಬಳು ಲಕ್ಷ್ಮಮ್ಮ ಇದ್ದಳು, ಹಾಗಾಗಿ ಇವಳು ಚಿಕ್ಕವಳಾದಳು. ಆಮೇಲೆ ಗಂಟಲು ಸರಿಮಾಡಿಕೊಂಡು ಶುರುಮಾಡಿದಳು.

"ನಂಗೆ ಮೂರು ಕೂಸು ಹುಟ್ಟಿ ಮೂರೂ ಹೋದೊ. ನಾಕ್ನೇದು ಹುಟ್ದಾಗ ಸೂಲಗಿತ್ತಿ ಅಂದ್ಲು, ಮೊರದಲ್ಲಿ ಮಲುಗ್ಸಿ ತಿಪ್ಪೆ ಮ್ಯಾಲೆ ಇಟ್ಟು ಬಾ, ಜವರಾಯ ಕಸ ಅನ್ಕಂಡು ಮುಂದುಕ್ಕೋಗ್ಲಿ ಅಂತ. ಇಟ್ಟು ಬಂದೆ. ನೂಲು ತೆಗೆಯೋ ಜಹೀದಾ ಬೂಬು ಎತ್ಕಂಡು, 'ಯಾರ್ದೋ ಕೂಸು ಬಿದ್ದೈತೆ, ಯಾರ್ಗಾರ ಬೇಕೇನ್ರಮ್ಮಾ' ಅಂತ ಕೂಗುದ್ಲು. ಒಂದು ಮೊರ ತೌಡು ಕೊಟ್ಟು ನಾನೇ ಕೊಂಡ್ಕಂಡೆ. ಅದುಕ್ಕೇ ಅವ್ಳು ತಿಪ್ಪಮ್ಮ. ಈಗ್ಲೂ ಚೆನ್ನಾಗವ್ಳೆ ನನ್ನ ಮಗ್ಳು. ತಿಪ್ಪಮ್ಮ!"

ಕೊನೆಯ ಪದವನ್ನು ಅವಳು ಹೇಳಿರಲಿಲ್ಲ, ಕೂಗಿದ್ದಳು. ಕಂಪ್ಯೂಟರ್ ಪರದೆಯ ಮೇಲೆ ದನಿಯ ಗೆರೆ ನೆಟ್ಟಗೆ ಮೇಲೆದ್ದು ಬಿದ್ದಿತ್ತು.

ಆ ಕೂಗು ಶಾಲಿನಿಗೆ ಹೊಸದಲ್ಲ. ಹುಡುಗಿಯಾಗಿದ್ದಾಗ ದಿನಾ ಸಂಜೆ ಅವ್ವ ಬೀದಿಗೆ ಬಂದು, ಸೊಂಟದ ಮೇಲೆ ಕೈಯಿಟ್ಟು, "ತಿಪ್ಪೀ, ಉಣ್ಣಕ್ ಬಾರೇ" ಎಂದು ಮೂರು ಬೀದಿಗೆ ಕೇಳುವಂತೆ ಅರಚುತ್ತಿದ್ದಳು. ಜೊತೆಗಾತಿಯರು ಮೂಗು ಮುಚ್ಚಿಕೊಂಡು, "ಓಗಮ್ಮ ಕಸದಮ್ಮ, ಕೂಗ್ತಾವ್ರೆ" ಎನ್ನುತ್ತಿದ್ದರು. ಅವಳು ಒಮ್ಮೆಯೂ ಓಗೊಟ್ಟವಳಲ್ಲ. ಹಿತ್ತಲಿನಿಂದ ಕಳ್ಳಬೆಕ್ಕಿನಂತೆ ಒಳಗೆ ಸೇರುತ್ತಿದ್ದಳು. ಮದುವೆಯ ಹೊತ್ತಿಗೆ ಅತ್ತೆ ನಾಗಲಕ್ಷ್ಮಮ್ಮ, "ಲಗ್ನಪತ್ರಿಕೇಲಿ ತಿಪ್ಪಮ್ಮ ಅಂತ ಹಾಕ್ಸಕ್ಕಾಯ್ತದಾ?" ಎಂದು ಶಾಲಿನಿ ಎಂಬ ಹೆಸರಿಟ್ಟಾಗ ಅವಳು ಹರಕೆ ತೀರಿದಷ್ಟು ಹಗುರಾಗಿದ್ದಳು.

ಶಾಲಿನಿ ಮೌಸು ಹಿಡಿದು ನಾಲ್ಕು ನಿಮಿಷದ ಮಾತನ್ನು ನಲವತ್ತು ಸೆಕೆಂಡಿಗೆ ಕತ್ತರಿಸಿದಳು. ಚಿಕ್ಕವಳಾದ ಲಕ್ಷ್ಮಮ್ಮನ ಕಥೆ ಉಳಿಯಿತು. ತಿಪ್ಪೆ ಹೋಯಿತು.

ಗುರುವಾರ ಅದು ಬಿತ್ತರವಾದ ಹತ್ತೇ ನಿಮಿಷಕ್ಕೆ ಅವಳ ಮೊಬೈಲು ಬಡಿದುಕೊಂಡಿತು.

"ಮಗಾ," ಅವ್ವನ ದನಿ ಎಂದಿನಂತಿರಲಿಲ್ಲ, "ಬೀದಿಯೋರ್ನೆಲ್ಲ ಜಗಲಿ ಮ್ಯಾಲೆ ಕೂರ್ಸಿದ್ದೆ. ಕಾಪಿ ಕಾಯ್ಸಿದ್ದೆ. ನಾನೇನಾರ ತಪ್ಪು ಮಾತಾಡ್ಬುಟ್ನಾ? ಅದೊಂದ್ನೇ ಹಾಕ್ನಿಲ್ವಲ್ಲ."

"ಟೈಮ್ ಇರ್ಲಿಲ್ಲ ಅವ್ವ" ಎಂದಳು ಶಾಲಿನಿ. ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಅವತ್ತು ಮೂರು ನಿಮಿಷ ಹಾಡು ಹಾಕಿ ತುಂಬಿಸಬೇಕಾಗಿ ಬಂದದ್ದು ಅವಳಿಗೆ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಅವಳು ಬಸ್ಸು ಹತ್ತಿ ತವರಿಗೆ ಹೋದಳು. ಚಿಕ್ಕಲಕ್ಷ್ಮಮ್ಮ ಹುರುಳಿ ಕೇರುತ್ತಿದ್ದಳು. ಮಗಳನ್ನು ನೋಡಿ ನಕ್ಕಳು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಾನೇ ತೆಗೆದಾಕಿದ್ದು ಅವ್ವ. ನಂಗೆ ನಾಚ್ಕೆ ಆಯ್ತು" ಎಂದಳು ಶಾಲಿನಿ, ನೆಲ ನೋಡುತ್ತ.

"ಗೊತ್ತು ಕಣ್ ಬಾ." ಮೊರ ಒಂದು ಗಳಿಗೆ ನಿಂತಿತು. "ನಿಂಗೆ ಹೇಳ್ದೇ ಇರೋದು ಒಂದೈತೆ. ಆ ಹುಡುಗಿ ಯಂತ್ರದ ಮುಂದೂ ಹೇಳ್ನಿಲ್ಲ. ತಿಪ್ಪೆ ಮ್ಯಾಲೆ ಇಟ್ಮ್ಯಾಲೆ ತಿರುಗಿ ನೋಡ್ದೆ ಬಂದ್ಬುಡ್ಬೇಕು ಅಂದಿದ್ಲು ಸೂಲಗಿತ್ತಿ. ಹತ್ತೆಜ್ಜೆ ಬಂದಿದ್ದೆ. ನೀನು ಅತ್ತೆ. ನೋಡ್ಬುಟ್ಟೆ."

ಶಾಲಿನಿ ಅವ್ವನ ಎದುರಿಗೆ ಕುಕ್ಕರಿಸಿದಳು.

"ತಾಯಿ ನೋಡುದ್ರೆ ಕೆಲ್ಸ ಕೆಟ್ಟಂಗೆ. ಕಸ ಅಲ್ಲ, ಕೂಸು ಅಂತ ಗೊತ್ತಾಗೋಯ್ತದಂತೆ ಜವರಾಯುಂಗೆ. ಯಾರ್ಗೂ ಹೇಳ್ನಿಲ್ಲ, ನಿಮ್ಮಪ್ಪುಂಗೂ. ಅವತ್ನಿಂದ ದಿನಾ ಸಂಜೆ ಬೀದೀಲಿ ನಿಂತ್ಕಂಡು ಆ ಹೆಸ್ರು ಕೂಗ್ದೆ. ನಿಂಗಲ್ಲ ಕಣೇ ಕೂಗ್ತಿದ್ದುದ್ದು. ನೀನು ಹಿತ್ಲಲ್ಲಿ ಬತ್ತಿದ್ದೆ, ನಂಗೆ ಕಾಣ್ತಿತ್ತು. ಅವ್ನಿಗೆ ಕೇಳ್ಲಿ, ಇದು ಕಸಾನೇ ಅನ್ಕಳ್ಲಿ ಅಂತ ಕೂಗ್ತಿದ್ದೆ. ಮದ್ವೆ ಆದ್ಮ್ಯಾಲೆ ಕೂಗೋರೇ ಇಲ್ಲ. ಇಪ್ಪತ್ನಾಕು ವರ್ಸ. ನಿಂಗೆ ಒಸಿ ನೆಗಡಿ ಅಂದ್ರೂ ನಂಗೆ ನಿದ್ದೆ ಹತ್ತಾಕಿಲ್ಲ. ರೇಡಿಯಾದಲ್ಲಿ ಹೇಳುದ್ರೆ ಎಲ್ಲೆಲ್ಲೂ ಕೇಳ್ತದೆ ಅಂದ್ರು. ಅದುಕ್ಕೆ ಹೇಳ್ದೆ. ಇದೆಲ್ಲ ಹಳೇ ಕಾಲುದ್ದು, ಪೆದ್ದು ಮಾತು ಅಂತ ನಂಗೂ ಗೊತ್ತು. ಆದ್ರೂ ಹೇಳ್ದೆ."

ಹುರುಳಿ ಮತ್ತೆ ಮೊರದಲ್ಲಿ ಕುಣಿಯಿತು.

ತಿರುಗಿ ಬರುವ ಬಸ್ಸಿನಲ್ಲಿ ಶಾಲಿನಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಬೀದಿಯ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತ ಆ ಹೆಂಗಸು, ಜನ್ಮವಿಡೀ ತನ್ನ ಮಾನ ಕಳೆದವಳೆಂದು ಇವಳು ತಿಳಿದಿದ್ದ ಹೆಂಗಸು, ದಿನಾ ಸಂಜೆ ಒಬ್ಬಳೇ ಯಾರಿಗೆ ಅಡ್ಡ ನಿಂತಿದ್ದಳು! ಎಲ್ಲರ ಹೆಸರಿನ ಬೇರು ಹುಡುಕಿದವಳಿಗೆ ತನ್ನ ಹೆಸರಿನಲ್ಲಿ ಕಸ ಮಾತ್ರ ಕಂಡಿತ್ತು.

ಬುಧವಾರ ರಾಗಿ ರೊಟ್ಟಿ ತಟ್ಟುತ್ತ ಅತ್ತೆಗೆ ವಿಷಯ ಹೇಳಿದಳು, "ನಾಳೆ ನೂರನೇ ವಾರ. ನನ್ನ ಹಳೇ ಹೆಸ್ರು ಹೇಳ್ಬೇಕು ಅಂತಿದೀನಿ ಅತ್ತೆ." ಗಂಡ ದೇವರಾಜ್ ತಿನ್ನುತ್ತಿದ್ದ ತುತ್ತನ್ನು ಹಾಗೇ ಹಿಡಿದು ತಾಯಿಯ ಮುಖ ನೋಡಿದ.

ನಾಗಲಕ್ಷ್ಮಮ್ಮ ಎಲೆಗೆ ಸುಣ್ಣ ಸವರಿದಳು, ಮಡಿಸಿದಳು, ಬಾಯಿಗಿಟ್ಟಳು. "ಹೇಳು, ಯಾರ್ ಬ್ಯಾಡ ಅಂದೋರು? ನಮ್ಮ ಚಿಕ್ಕತ್ತೇನೂ ತಿಪ್ಪಮ್ಮನೇಯಾ, ತೊಂಬತ್ತು ವರ್ಸ ಬದುಕುದ್ಲು, ನಮ್ಮನ್ನೆಲ್ಲ ಗೋಳೊಯ್ಕಂಡು. ಆದ್ರೆ ಶಾಲಿನಿ ಅಂತ ಇಟ್ಟೋಳು ನಾನು ಅಂತ್ಲೂ ಹೇಳ್ಬೇಕು. ಅದ್ನ ಕತ್ರುಸ್ಬ್ಯಾಡ."

ಗುರುವಾರ ಸ್ಟುಡಿಯೋಗೆ ಬಂದವಳು ಸುಹಾನಾಳನ್ನು ಕೇಳಿದಳು, "ಅವ್ವನ ರೆಕಾರ್ಡಿಂಗ್ ಪೂರ್ತಿ ಇದೆಯೇನಮ್ಮ?"

"ನೀವು ಕತ್ತರಿಸಿದ್ದನ್ನ ನಾನು ಅಳಿಸಲಿಲ್ಲ ಅಕ್ಕ" ಎಂದಳು ಸುಹಾನಾ. "ಕೇಳೇ ಕೇಳ್ತೀರ ಅಂತ ಗೊತ್ತಿತ್ತು."

ಆರು ಗಂಟೆಗೆ ಕೆಂಪು ದೀಪ ಹೊತ್ತಿತು. ಅವ್ವನ ನಾಲ್ಕು ನಿಮಿಷ ಒಂದು ಉಸಿರೂ ಕಡಿಮೆಯಾಗದೆ ಗಾಳಿಗೆ ಹೋಯಿತು. ಕೊನೆಯ ಕೂಗು ಮುಗಿದ ಮೇಲೆ ಶಾಲಿನಿ ಮೈಕಿನ ಹತ್ತಿರ ಬಾಗಿದಳು.

"ಆ ತಿಪ್ಪಮ್ಮ ನಾನು. ನಾನು ಹುಟ್ಟಿದ ಮನೆಯಲ್ಲಿ ನನಗಿಂತ ಮುಂಚೆ ಮೂವರು ಹೋಗಿದ್ದರು. ನನ್ನನ್ನು ಉಳಿಸಿಕೊಳ್ಳಲು ನನ್ನ ಅವ್ವ ಒಂದು ಮೊರ ತೌಡು ಕೊಟ್ಟಳು, ಆಮೇಲೆ ಇಪ್ಪತ್ತೆರಡು ವರ್ಷ ಪ್ರತಿ ಸಂಜೆ ತನ್ನ ಗಂಟಲು ಕೊಟ್ಟಳು. ಶಾಲಿನಿ ಎಂದು ಮುದ್ದಾಗಿ ಇಟ್ಟವರು ನನ್ನ ಅತ್ತೆ. ಎರಡೂ ನನ್ನವೇ. ಆದರೆ ಮೊದಲನೆಯದನ್ನು ನಾನು ಮುಚ್ಚಿಟ್ಟಿದ್ದೆ. ಇನ್ನು ಮುಚ್ಚಿಡುವುದಿಲ್ಲ."

ಫೋನಿನ ದೀಪ ಮಿಣುಕತೊಡಗಿತು. ಮೊದಲು ತಿಪ್ಪೇಶ ಎಂಬ ಕಂಡಕ್ಟರ್ ಮಾತಾಡಿದ, ತನ್ನನ್ನೂ ತೌಡಿಗೇ ಕೊಂಡದ್ದು, ಆದರೆ ಅರ್ಧ ಮೊರಕ್ಕೆ ಎಂದು ನಗಾಡಿದ. ಮುಂದಿನ ಕರೆ ತೆಗೆದ ಕೂಡಲೇ ಹೆಡ್‌ಫೋನಿನಲ್ಲಿ ಕೀರಲು ಸದ್ದು ಚುಚ್ಚಿತು. ಫೋನು ಮಾಡಿದವರು ಪಕ್ಕದಲ್ಲೇ ರೇಡಿಯೊ ಜೋರಾಗಿಟ್ಟರೆ ಹೀಗಾಗುತ್ತದೆ.

"ರೇಡಿಯೊ ಸೌಂಡ್ ಕಮ್ಮಿ ಮಾಡಿ, ಪ್ಲೀಸ್" ಎಂದಳು ಸುಹಾನಾ, ದಿನಕ್ಕೆ ಹತ್ತು ಸಲ ಹೇಳುವ ಹಾಗೆ.

"ಮಾಡಾಕಿಲ್ಲ!" ಎಂದಿತು ಆ ಕಡೆಯ ದನಿ. "ಬೀದಿ ಎಲ್ಲ ಕುಂತೈತೆ ಇಲ್ಲಿ. ಕಮ್ಮಿ ಗಿಮ್ಮಿ ಮಾಡಾಕಿಲ್ಲ."

ಶಾಲಿನಿ ಸುಹಾನಾಳಿಗೆ ಕೈ ಮಾಡಿ, ಬಿಡು ಎಂದಳು. ಅವ್ವ ಸೊಂಟದ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದಾಳೆ ಎಂದು ಅವಳಿಗೆ ಕಾಣದೆಯೂ ಗೊತ್ತಾಯಿತು.

"ತಿಪ್ಪೀ! ಉಣ್ಣಕ್ ಬಾರೇ!"

ಪರದೆಯ ಗೆರೆ ಮೇಲಿನ ಅಂಚಿಗೆ ಬಡಿಯಿತು. ಶಾಲಿನಿ ಹೆಡ್‌ಫೋನ್ ತೆಗೆದಿಟ್ಟು, ಮೈಕಿಗೆ ಬಾಯಿ ಕೊಟ್ಟು, ಈ ನಲವತ್ತಾರು ವರ್ಷದಲ್ಲಿ ಮೊದಲ ಸಲ ಮೂರು ಬೀದಿಗೆ ಕೇಳುವಂತೆ ಓಗೊಟ್ಟಳು.

"ಓ! ಬಂದೆ ಕಣವ್ವಾ!"