ಮೊದಲು ಅಳಿಸು, ಆಮೇಲೆ ಜೋಡಿಸು

ಮೆಟ್ಟಿಲ ಸದ್ದೇ ಅದು, ಅಲ್ಲ, ಲ್ಯಾಪ್‌ಟಾಪಿನ ಹೊಟ್ಟೆಯೊಳಗಿನ ಫ್ಯಾನು, ಗೊರ್ ಎಂದು ಎದ್ದು ಮತ್ತೆ ಸುಮ್ಮನಾಯಿತು, ಅವಳ ಹಳೆಯ ಯಂತ್ರವಾಗಿದ್ದರೆ ಇಷ್ಟು ಹೊತ್ತಿಗೆ ಹಿಟ್ಟಿನ ಗಿರಣಿಯಂತೆ ಕೂಗುತ್ತಿತ್ತು, ಇದು ಗಂಡನದು, ನಯವಾದದ್ದು, ಬಾಯಿ ಬಿಡದ್ದು — ಯಂತ್ರಕ್ಕೂ ಯಜಮಾನನ ಗುಣ ಹತ್ತುತ್ತದೇನೋ. ಊಟದ ತಟ್ಟೆಯಿಂದಲೇ ಎದ್ದುಹೋದ, ಯಾರೋ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದ್ದಾರಂತೆ ಕಣೇ, ಬಂದ್‌ಬಿಡ್ತೀನಿ, ಅಲ್ಲ, ರಜಾ ದಿನ ನೋಡಿಯೇ ಜನ ಸಿಕ್ಕಿಹಾಕಿಕೊಳ್ಳುತ್ತಾರೆಯೇ, ಅದೂ ಈಚೆಗೆ ಪ್ರತಿ ರಜೆಯಲ್ಲೂ? ಊರಿನ ಲಿಫ್ಟೆಲ್ಲ ರಿಪೇರಿ ಮಾಡುವವನ ಮನೆ ಮಾತ್ರ ಲಿಫ್ಟಿಲ್ಲದ ಕಟ್ಟಡದ ತುದಿಯಲ್ಲಿ, ಅದೂ ಒಳ್ಳೆಯದೇ ಆಯಿತು, ಹತ್ತುವವರ ಏದುಸಿರು ಮೊದಲೇ ಕೇಳುತ್ತದೆ. ಈಗ ಕೇಳುತ್ತಿಲ್ಲ. ಎದುರು ಕಪ್ಪು ಪರದೆ, ಮೂಲೆಯಲ್ಲಿ ಮಿಟುಕುವ ಒಂದು ಬಿಳಿ ಗೆರೆ, ಅವಳ ತಂಗಿಯ ಪೆನ್ ಡ್ರೈವು ಗಂಡನ ಲ್ಯಾಪ್‌ಟಾಪಿನ ಪಕ್ಕೆಗೆ ಚುಚ್ಚಿಕೊಂಡು ಕೂತಿದೆ, ಕದಿಯಲು ಬಂದವಳೇ ಅವಳು, ತನ್ನ ಮನೆಯಲ್ಲಿ, ತನ್ನ ಮೇಜಿನ ಮುಂದೆ.

ಆ ಮುಚ್ಚಳದಿಂದಲೇ ಎಲ್ಲ ಶುರುವಾದದ್ದು. ಅವಳು ಕೋಣೆಗೆ ಕಾಲಿಟ್ಟರೆ ಸಾಕು, ಅವನ ಕೈ ಮೇಲೇಳುತ್ತದೆ, ಮುಚ್ಚಳ ಇಳಿಯುತ್ತದೆ, ಅವಸರವಿಲ್ಲದೆ, ಮುಖದ ಮೇಲಿನ ನೀಲಿ ಬೆಳಕು ಹಣೆಯಿಂದ ಮೂಗಿಗೆ, ಮೂಗಿನಿಂದ ಗಲ್ಲಕ್ಕೆ ಜಾರಿ ಆರಿಹೋಗುತ್ತದೆ, ಏನ್ರೀ ಅದು, ಏನಿಲ್ಲ, ಬಿಡು ನಿನಗೆ ಗೊತ್ತಾಗಲ್ಲ. ಗೊತ್ತಾಗಲ್ಲ! ಕನ್ನಡಕದ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೂ ಜನರ ಕಣ್ಣಲ್ಲಿ ಕಣ್ಣಿಟ್ಟು ನೋಡುವುದೇ ಅವಳ ಕೆಲಸ, ಗೋಡೆಯ ಮೇಲಿನ ಅಕ್ಷರಗಳನ್ನು ಬೆಂಚಿನ ಮೇಲೆ ಕೂತಾಗಲೇ ಬಾಯಿಪಾಠ ಮಾಡಿ ಬಂದು, ಎಲ್ಲಾ ಚೆನ್ನಾಗ್ ಕಾಣತ್ತೆ ಮೇಡಂ, ಎನ್ನುವವರನ್ನು ಅವಳು ಒಂದೇ ನೋಟಕ್ಕೆ ಹಿಡಿಯುತ್ತಾಳೆ — ಹಿಂದಿನಿಂದ ಓದಿ, ಎನ್ನುತ್ತಾಳೆ, ಅಷ್ಟೇ, ತಡವರಿಸುತ್ತಾರೆ. ಗಂಡನನ್ನು ಹಿಂದಿನಿಂದ ಓದಿಸುವುದು ಹೇಗೆ? ಬಂದ ಕೂಡಲೇ ಅಂಗಿ ಮೂಸುತ್ತಾಳೆ, ಗ್ರೀಸಿನ ವಾಸನೆ ಇರುತ್ತದೆ, ಇರುತ್ತದೆ ನಿಜ, ಆದರೆ ಗ್ರೀಸಿನ ಡಬ್ಬಿ ಚೀಲದಲ್ಲೇ ಇದೆಯಲ್ಲ, ಬೆರಳದ್ದಿ ಸವರಿಕೊಳ್ಳಲು ಎಷ್ಟು ಹೊತ್ತು ಬೇಕು — ಛೆ, ಇದು ಅತಿಯಾಯಿತು, ಅವಳಿಗೇ ಗೊತ್ತು, ಆದರೂ ಮೂಸುತ್ತಾಳೆ.

ಅದಕ್ಕೇ ತಂಗಿಯ ಹತ್ತಿರ ಹೋದದ್ದು, ಆಸ್ಪತ್ರೆಯೊಂದರಲ್ಲಿ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವವಳು, ನಂಗೂ ಕಂಪ್ಯೂಟರ್ ಕಲಿಸೇ, ಕಾರಣ ಹೇಳಲಿಲ್ಲ, ತಂಗಿ ಕೇಳಲೂ ಇಲ್ಲ — ಯಾಕೆ ಕೇಳಲಿಲ್ಲ? ಎಲ್ಲಿ ಒತ್ತಬೇಕು ಅಂತ ಕಲಿಸಿದ್ರೆ ನೀನು ಒತ್ತೋಳೇ ಆಗ್ತೀಯ ಅಕ್ಕ, ತಗೋ ಇದನ್ನ, ಇದ್ರಲ್ಲಿರೋದನ್ನ ಖಾಲಿ ಡಿಸ್ಕಿಗೆ ತುಂಬಿ ಮೆಷೀನ್ ಎಬ್ಬಿಸ್ಬೇಕು, ಒಂದೊಂದು ಸಾಲೂ ನೀನೇ ಬರ್ದು, ಇದು ತಾನಾಗಿ ಏನೂ ಮಾಡಲ್ಲ, ಗಡಿಯಾರದ ಟೈಮೂ ನೀನೇ ಹೇಳ್ಬೇಕು, ಎಂದು ಹಳೆಯ ಲ್ಯಾಪ್‌ಟಾಪನ್ನೂ ಈ ಪೆನ್ ಡ್ರೈವನ್ನೂ ಕೈಗಿಟ್ಟಳು, ಕೊಡುವಾಗ ನಕ್ಕಳು, ಆ ನಗುವೂ ಅವಳಿಗೆ ಸರಿಕಾಣಲಿಲ್ಲ. ಲೋಕವೆಲ್ಲ ಚಿತ್ರ ಒತ್ತಿ ಕಲಿಯುತ್ತಿರುವಾಗ ಇವಳಿಗೆ ಮಾತ್ರ ಈ ಕಪ್ಪು ಗೋಡೆ, ಕೈಬಿಟ್ಟು ಓಡಿಹೋಗಲಿ ಎಂದೇ ಕೊಟ್ಟಿರಬೇಕು, ಭಾವನ ಫೋನು ಬಂದರೆ ಬಾಲ್ಕನಿಗೆ ಹೋಗಿ ಮಾತಾಡುವವಳಲ್ಲವೇ. ಓಡಲಿಲ್ಲ, ಅಂಗಡಿಯಿಂದ ಬಂದು ಹಟ ಹಿಡಿದು ಕೂತಳು. ಮೊದಲ ಸಲ ಪಾಸ್‌ವರ್ಡ್ ಬರೆಯುವಾಗ ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡಲಿಲ್ಲ, ಕೀಲಿಮಣೆ ಸತ್ತಿದೆ ಎಂದುಕೊಂಡಳು, ಕಾಣಿಸದಿದ್ರೂ ಅದು ಬರ್ಕೋತಾ ಇರತ್ತೆ ಅಕ್ಕ, ನಂಬು, ಎಂದಳು ತಂಗಿ ಫೋನಿನಲ್ಲಿ, ನಂಬು ಅಂತೆ, ಯಾರನ್ನು ನಂಬಿ ಯಾರು ಉದ್ಧಾರವಾದರು. ಒಂದು ಸಾಲು ಬಿಟ್ಟುಹೋಗುತ್ತಿತ್ತು, ಯಂತ್ರ ಏಳುತ್ತಿರಲಿಲ್ಲ, ಮತ್ತೆ ಮೊದಲಿನಿಂದ, ಡಿಸ್ಕನ್ನು ಪೂರ್ತಿ ಅಳಿಸು, ಆಮೇಲೆ ಜೋಡಿಸು, ಆಮೇಲೆ ತುಂಬು, ಮೊದಲು ಅಳಿಸು ಆಮೇಲೆ ಜೋಡಿಸು, ಪಾತ್ರೆ ತೊಳೆಯುವಾಗಲೂ ಬೆರಳು ಸಿಂಕಿನ ಅಂಚಿನ ಮೇಲೆ ಅದನ್ನೇ ಕುಟ್ಟುತ್ತಿದ್ದವು. ಕೊನೆಗೊಂದು ದಿನ ಎದ್ದಿತು, ಅವಳ ಹೆಸರು ಹಿಡಿದು ಕರೆಯಿತು, ಹುಚ್ಚಿಯಂತೆ ಒಬ್ಬಳೇ ಚಪ್ಪಾಳೆ ತಟ್ಟಿದಳು, ಅಷ್ಟು ಸಂತೋಷ ಅವಳಿಗೆ ಎಷ್ಟೋ ವರ್ಷದಿಂದ ಆಗಿರಲಿಲ್ಲ, ಗಂಡನನ್ನು ಕೂಗಿ ತೋರಿಸಬೇಕೆನಿಸಿತು, ತೋರಿಸಲಿಲ್ಲ.

ಬೇರೆಯವರ ಯಂತ್ರದೊಳಗೆ ಹೋಗುವ ಗುಟ್ಟನ್ನು ಬಾಯಿಬಿಟ್ಟವಳೂ ತಂಗಿಯೇ, ಮಾತಿನ ನಡುವೆ, ಈ ಪೆನ್ ಡ್ರೈವಿಂದ ಶುರು ಮಾಡಿದ್ರೆ ಆ ಮೆಷೀನಿನ ಪಾಸ್‌ವರ್ಡ್ ಯಾರು ಕೇಳ್ತಾರೆ ಅಕ್ಕ, ಡಿಸ್ಕ್ ಜೋಡಿಸ್ಕೊಂಡ್ರೆ ಆಯ್ತು, ಒಳಗಿರೋದೆಲ್ಲ ಕಾಣತ್ತೆ — ಬೇಕೆಂದೇ ಹೇಳಿದಳೋ, ಬಾಯಿ ಜಾರಿತೋ. ಇರಲಿ, ಈಗ ತಿಳಿಯುತ್ತದೆ, ಒಂದು ಸಾಲು ಬರೆದರೆ ಆ ಮುಚ್ಚಳದ ಕೆಳಗೆ ಇಷ್ಟು ದಿನ ಏನಿತ್ತೋ ಅದೆಲ್ಲ, ಹೆಣ್ಣೋ, ಸಾಲವೋ, ಕಾಯಿಲೆಯೋ, ಏನೂ ಇಲ್ಲವೋ, ಏನೂ ಇಲ್ಲದಿದ್ದರೆ ಮುಚ್ಚುವುದೇಕೆ, ಬೇರೆ ಮನೆ ಇದ್ದರೆ ಅವಳೆಲ್ಲಿ ಹೋಗಬೇಕು, ಅಮ್ಮನಿಗೆ ಏನು ಹೇಳಬೇಕು, ಅಂಗಡಿಯಲ್ಲಿ ಹೇಗೆ ಮುಖ ತೋರಿಸಬೇಕು, ಬೆರಳು ಓಡುತ್ತಿವೆ, ಒಂದು ಸಾಲು, ಎಂಟರ್, ಇದರಲ್ಲಿ ಈಗಾಗಲೇ ಏನೋ ಇದೆ, ಆದರೂ ಮುಂದುವರಿಯಲೇ ಎಂದು ಕೇಳಿತು, ಪ್ರತಿ ಸಲವೂ ಕೇಳುತ್ತದೆ, ಸುಮ್ನೆ ಹೆದರಿಸತ್ತೆ ಅಕ್ಕ, ವೈ ಒತ್ತು, ಎಂದಿದ್ದಳಲ್ಲ ತಂಗಿ, ಒತ್ತಿದಳು, ಇನ್ನೊಂದು ಸಾಲು, ಜೋಡಿಸು, ಎಂಟರ್, ಈಗ ತೋರಿಸು, ಏನೇನಿದೆ ತೋರಿಸು.

ಒಂದೇ ಒಂದು ಫೋಲ್ಡರು. ಇದನ್ನು ಎಲ್ಲೋ ನೋಡಿದ್ದೇನೆ ಎನಿಸಿತು — ನೋಡದೇ ಏನು, ಅವಳ ಹಳೆಯ ಲ್ಯಾಪ್‌ಟಾಪಿನಲ್ಲಿ ಪ್ರತಿ ಸಲ ಅಳಿಸಿದ ಮೇಲೆ ಮೊದಲು ಕಾಣುತ್ತಿದ್ದುದು ಇದೇ, ಆಗತಾನೇ ಖಾಲಿಯಾದ ಡಿಸ್ಕು ತಾನಾಗಿ ಇಟ್ಟುಕೊಳ್ಳುವ ಬರಿದಾದ ಡಬ್ಬಿ. ಮೊದಲು ಅಳಿಸು ಆಮೇಲೆ ಜೋಡಿಸು. ಜೋಡಿಸುವುದಷ್ಟೇ ಬೇಕಿತ್ತು, ಕೈ ತನಗೆ ಗೊತ್ತಿದ್ದ ಪಾಠವನ್ನೇ ಒಪ್ಪಿಸಿಬಿಟ್ಟಿತು, ತಲೆಯನ್ನು ಕೇಳಲೇ ಇಲ್ಲ, ಕಂಡವರನ್ನೆಲ್ಲ ಅನುಮಾನಿಸುವವಳು ತನ್ನ ಬೆರಳನ್ನು ಅನುಮಾನಿಸಲಿಲ್ಲ. ಮತ್ತೆ ತೋರಿಸು ಎಂದಳು, ಅದೇ ಡಬ್ಬಿ, ಮತ್ತೆ, ಅದೇ. ಹೆಣ್ಣಿದ್ದರೆ ಹೆಣ್ಣೂ ಹೋಯಿತು, ಏನೂ ಇಲ್ಲದಿದ್ದರೆ ಆ ಏನೂ ಇಲ್ಲದ್ದೂ ಹೋಯಿತು, ಇನ್ನು ಸಾಯುವವರೆಗೂ ತಿಳಿಯುವುದಿಲ್ಲ, ಅವನೇ ಹೇಳಿದರೂ ಇವಳು ನಂಬುವುದಿಲ್ಲ, ತಂಗಿಗೆ ಫೋನು ಮಾಡಲೇ, ವಾಪಸು ತರಲು ಬರುತ್ತದೆಯೇ, ಯಾರದ್ದು ಅಕ್ಕ ಎಂದು ಕೇಳಿದರೆ —

ಏದುಸಿರು. ಈ ಸಲ ಫ್ಯಾನಲ್ಲ. ಬಾಗಿಲಲ್ಲಿ ಬೀಗದ ಕೈ ತಡಕಾಡುತ್ತಿದೆ, ಪೆನ್ ಡ್ರೈವು ಕಿತ್ತು ಮುಷ್ಟಿಯೊಳಗಿಟ್ಟಳು, ಬಾಗಿಲು ತೆರೆಯಿತು, ಮೊಣಕೈವರೆಗೂ ಗ್ರೀಸು, ಕತ್ತಿನ ಮೇಲೂ, ಯಾರೂ ಡಬ್ಬಿಯಿಂದ ಹಾಗೆ ಸವರಿಕೊಳ್ಳಲಾರರು, ಪಾಪ ಒಂದು ಅಜ್ಜಿ ಕಣೇ, ಒಳಗೇ ಕೂತು ಅಳ್ತಿತ್ತು, ಎನ್ನುತ್ತ ಬಂದವನು ಅರ್ಧಕ್ಕೇ ನಿಂತ, ಅವಳ ಕೈ ಮೇಲೆದ್ದಿದೆ, ಮುಚ್ಚಳ ಇಳಿಯುತ್ತಿದೆ, ಏನೇ ಅದು, ಏನಿಲ್ಲ, ಎಂದಳು, ಅವನ ದನಿಯಲ್ಲೇ, ಅವನು ಮತ್ತೇನೂ ಕೇಳಲಿಲ್ಲ, ಕೇಳಬಹುದಿತ್ತಲ್ಲ, ನೋಡುತ್ತಾ ನಿಂತ, ಬೆಳಕು ಅವಳ ಹಣೆಯಿಂದ ಮೂಗಿಗೆ, ಮೂಗಿನಿಂದ ಗಲ್ಲಕ್ಕೆ, ಮುಚ್ಚಳ, ಇಳಿಯುತ್ತಿರುವ ಮುಚ್ಚಳ, ಅದರ ಮೇಲೆ ತನ್ನದೇ ಕೈ