ಕಾಶವ್ವನಿಲ್ಲದ ಕಂಪನಿ

ನಾನು ಒಂದು ಪದ. ನನ್ನ ಹೆಸರು ಕಂಪನಿ, ತವರು ಲ್ಯಾಟಿನ್. ಅಲ್ಲಿ 'ಕೊಮ್' ಎಂದರೆ ಜೊತೆಗೆ, 'ಪಾನಿಸ್' ಎಂದರೆ ರೊಟ್ಟಿ. ಎರಡನ್ನೂ ಕೂಡಿಸಿ, ಒಂದೇ ರೊಟ್ಟಿ ಮುರಿದು ತಿನ್ನುವವರಿಗೆ ಹೆಸರಿಟ್ಟರು. ಫ್ರೆಂಚರ ಮನೆಯಲ್ಲಿ ಬೆಳೆದು, ಇಂಗ್ಲಿಷರ ಮನೆ ಸೇರಿ, ಹಡಗು ಹತ್ತಿ ಈ ದೇಶಕ್ಕೆ ಬಂದೆ. ನನ್ನನ್ನು ಕರೆತಂದ ವ್ಯಾಪಾರಿಗಳು ಇಲ್ಲಿಯವರ ಜೊತೆ ಕೂತು ಉಣ್ಣಲಿಲ್ಲ, ಇಲ್ಲಿಯವರ ತಟ್ಟೆಗೇ ಕೈ ಹಾಕಿದರು. ನಾಚಿಕೆಯಾಯಿತು. ಆದರೆ ತಡೆಯಲು ನನಗೆ ಬಾಯಿ ಎಲ್ಲಿದೆ? ಪರರ ಬಾಯಲ್ಲೇ ನನ್ನ ಬಾಳು.

ಆಮೇಲೆ ಗದಗ ಸೀಮೆಯ ಒಂದು ನಾಟಕ ತಂಡದ ಬೋರ್ಡಿನ ಮೇಲೆ ನನ್ನನ್ನು ಬರೆದರು. ಅಲ್ಲಿ ನನಗೆ ಹೋದ ಜೀವ ಬಂತು. ಊರೂರು ಅಲೆಯುವ ಮಂದಿ, ಎಲ್ಲರಿಗೂ ಒಂದೇ ಒಲೆ. ರಾಜನ ಪಾರ್ಟು ಮಾಡುವವನೂ ಪರದೆ ಎಳೆಯುವವನೂ ಒಂದೇ ಸಾಲಿನಲ್ಲಿ ಕೂತು ಕಾಶವ್ವ ಬಡಿದ ಜೋಳದ ರೊಟ್ಟಿ ತಿನ್ನುತ್ತಿದ್ದರು. ಅವರಾರಿಗೂ ಲ್ಯಾಟಿನ್ ಬರುತ್ತಿರಲಿಲ್ಲ. ಆದರೂ ನನ್ನ ಅರ್ಥದಂತೆ ಬಾಳಿದವರು ಅವರೇ. ಕಾಶವ್ವ ಮೂವತ್ತು ವರ್ಷ ಆ ಒಲೆಯ ಮುಂದೆ ಕೂತಳು. ಮಾಲಕ ಚನಬಸಪ್ಪನಿಗೆ ಜ್ವರ ಬಂದಾಗ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನಿಸಿದವಳೂ ಅವಳೇ.

ತಂಡಕ್ಕೆ ಐವತ್ತು ವರ್ಷ ತುಂಬಿದ ದಿನ ಫೋಟೋ ತೆಗೆಸಿದರು. ನನ್ನ ಬೋರ್ಡನ್ನು ಒರೆಸಿ ನಡುವೆ ನಿಲ್ಲಿಸಿದರು. ಕಾಶವ್ವ ಕೈಗೆ ಹತ್ತಿದ ಹಿಟ್ಟು ತೊಳೆದು, ಟ್ರಂಕಿನಲ್ಲಿದ್ದ ಇಳಕಲ್ ಸೀರೆ ಉಟ್ಟು, ಸಾಲಿನ ತುದಿಗೆ ಬಂದು ನಿಂತಳು.

"ಏ ಕಾಶವ್ವಾ, ನೀ ಅತ್ಲಾಗ ಸರಿ," ಎಂದ ಮಾಲಕ. "ಇದು ಕಂಪನಿ ಮಂದಿ ಫೋಟೋ. ನೀ ಅಡಿಗಿ ಮಾಡಾಕಿ."

ರೊಟ್ಟಿ ಬಡಿದವಳನ್ನು ದೂಡಲು ನನ್ನನ್ನೇ ಬಳಸಿದ! ಉಳಿದವರಲ್ಲಿ ಒಬ್ಬನಾದರೂ ಬಾಯಿ ಬಿಡುತ್ತಾನೆಂದು ಕಾದೆ. ದಿನಾ ಅವಳ ಕೈಯ ರೊಟ್ಟಿ ತಿಂದ ಬಾಯಿಗಳು. ಹಾರ್ಮೋನಿಯಂ ಮಾಸ್ತರು ಕೆಮ್ಮಿದರು, ಅಷ್ಟೇ.

"ಆತ್ರಿ," ಎಂದಳು ಕಾಶವ್ವ. "ಲಗೂನ ಮುಗಿಸ್ರಿ, ರೊಟ್ಟಿ ಆರತಾವ."

ಅವತ್ತೂ ಎಲ್ಲರಿಗೂ ಬಡಿಸಿದಳು. ತಾನು ಉಣ್ಣಲಿಲ್ಲ. ಮರುದಿನ ಗಂಟು ಕಟ್ಟಿಕೊಂಡು ತಂಗಿಯ ಊರಿಗೆ ಹೋದವಳು ತಿರುಗಿ ಬರಲಿಲ್ಲ. ಮಂದಿ ಖಾನಾವಳಿ ಹುಡುಕಿಕೊಂಡು ಬೇರೆಬೇರೆ ಉಂಡರು. ಎರಡು ವರ್ಷಕ್ಕೆ ತಂಡ ಮುರಿಯಿತು.

ಈಗ ನನಗೆ ಮುಪ್ಪು. ದೊಡ್ಡ ದೊಡ್ಡ ಗೇಟುಗಳ ಮೇಲೆ ಇನ್ನೂ ಹೊಳೆಯುತ್ತೇನೆ, ಒಳಗೆ ಯಾರು ಯಾರ ಜೊತೆ ಉಣ್ಣುತ್ತಾರೋ ಕೇಳುವುದಿಲ್ಲ. ಆ ಹಳೆಯ ಬೋರ್ಡು ಗುಜರಿ ಅಂಗಡಿಯ ಮೂಲೆಯಲ್ಲಿದೆ, ಪಕ್ಕದಲ್ಲೇ ಆ ಫೋಟೋ. ಇಪ್ಪತ್ತೆರಡು ಮಂದಿ ಎದೆಯುಬ್ಬಿಸಿ ನಿಂತಿದ್ದಾರೆ. ಸಾಲಿನ ತುದಿಯಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಹಾಗೇ ಖಾಲಿ ಉಳಿದಿದೆ. ಯಾರಾದರೂ ನನ್ನ ಅರ್ಥ ಕೇಳಿದರೆ, ನಾನು ತೋರಿಸುವುದು ಆ ಜಾಗವನ್ನು.