ಬ್ಯಾಗಿಗೆ ಕಟ್ಟಿದ ಬೆಲ್ಟು

ರಾವಸಾಹೇಬ ಮಾಸ್ತರರ ಹೊಸ ಕಾರಿನ ಗುಣಗಾನ ಕೇಳಿ ಕೇಳಿ ಆಮ್ರಪಾಲಿಗೆ ಸಾಕಾಗಿ ಹೋಗಿತ್ತು. ಘೋಡಗೇರಿಯಲ್ಲಿ ಗಾಡಿ ಹತ್ತಿದರೆ ಮಸಗುಪ್ಪಿಯ ಹೈಸ್ಕೂಲು ಬರುವ ತನಕ ಅದೇ ಪುರಾಣ. ಆರು ಏರ್‌ಬ್ಯಾಗಂತೆ, ಕೀಲಿ ಕಿಸೆಯಲ್ಲಿದ್ದರೆ ಸಾಕು ಬಾಗಿಲು ತೆರೆಯುತ್ತದಂತೆ, ಕಳ್ಳ ಮುಟ್ಟಿದರೆ ಓಣಿಯೆಲ್ಲ ಎದ್ದು ಕೂರುವ ಹಾಗೆ ಕೂಗುತ್ತದಂತೆ, ಮುಂದಿನ ಖಾನೆಯಲ್ಲಿ ಇಟ್ಟ ನೀರು ತಣ್ಣಗೇ ಇರುತ್ತದಂತೆ. ಹೊಟ್ಟೆಯಲ್ಲಿ ಹುಟ್ಟಿದ ಮಗನ ಬಗ್ಗೆಯೂ ಇಷ್ಟು ಹೇಳುತ್ತಿದ್ದರೋ ಇಲ್ಲವೋ.

"ಮನಷಾರ ಜೀವದ ಕಾಳಜಿ ಅಂದ್ರ ಇದ್ರಿ ಮೇಡಂ," ಎನ್ನುತ್ತಿದ್ದರು ಮಾಸ್ತರರು. "ಬೆಲ್ಟ್ ಹಾಕ್ಲಿಲ್ಲ ಅಂದ್ರ ಒದರ್ಕೋತ ಕುಂಡರತೈತಿ. ಬಿಡಂಗೇ ಇಲ್ಲ."

ಅದಂತೂ ನಿಜ, ಬಿಡುತ್ತಿರಲಿಲ್ಲ. ಮಾಸ್ತರರು ತಮ್ಮ ಕರಿಯ ಬ್ಯಾಗನ್ನು ಮುಂದಿನ ಎಡಗಡೆ ಸೀಟಿನ ಮೇಲೆ ಕೂರಿಸುತ್ತಿದ್ದರು. ಒಳಗೆ ಲ್ಯಾಪ್‌ಟಾಪು, ಗಣಿತದ ಪುಸ್ತಕಗಳು, ಊಟದ ಡಬ್ಬಿ. ಆ ಭಾರಕ್ಕೆ ಅಲ್ಲೊಬ್ಬ ಮನುಷ್ಯನೇ ಕೂತಿದ್ದಾನೆಂದು ತಿಳಿದು ಕಾರು ಟಿಂವ್ ಟಿಂವ್ ಎಂದು ಜೀವ ತಿನ್ನುತ್ತಿತ್ತು. ಅದಕ್ಕೆ ಬ್ಯಾಗಿನ ಮೇಲಿಂದ ಬೆಲ್ಟು ಎಳೆದು ಸಿಕ್ಕಿಸಿ ಹೊರಡುತ್ತಿದ್ದರು. ವಿಜ್ಞಾನ ಕಲಿಸುವ ಆಮ್ರಪಾಲಿ ಮತ್ತು ಕೊಣ್ಣೂರಿನಲ್ಲಿ ಹತ್ತುವ ಕನ್ನಡದ ಅನ್ನಪೂರ್ಣಾ ಇಬ್ಬರೂ ಹಿಂದೆ ಕೂರುತ್ತಿದ್ದರು. ಡೀಸೆಲ್ಲಿಗೆ ಮೂವರದೂ ಸಮಪಾಲು.

ಅನ್ನಪೂರ್ಣಾಳ ಡಬ್ಬಿ ಅವಳ ಕಾಲ ಬುಡದಲ್ಲಿ ಇರುತ್ತಿತ್ತು. ಆಮ್ರಪಾಲಿಯದು ಡಿಕ್ಕಿಯಲ್ಲಿ. ಮೊದಲ ದಿನವೇ ಮಾಸ್ತರರು ನಗುನಗುತ್ತ ಹೇಳಿದ್ದರು, "ಡಬ್ಬಿ ಹಿಂದ ಇಡ್ರಿ ಮೇಡಂ, ಸಾರು ಚೆಲ್ಲಿದ್ರ ಸೀಟ್ ಕೆಡತಾವು." ಹೊಸ ಗಾಡಿ, ನಾಜೂಕಿನ ಮನುಷ್ಯ, ಇರಲಿ ಅಂದುಕೊಂಡಳು. ಅನ್ನಪೂರ್ಣಾಳ ಡಬ್ಬಿಯಲ್ಲೂ ಸಾರೇ ಇತ್ತಲ್ಲ ಎಂಬ ಮಾತು ಎಷ್ಟೋ ಸಲ ನಾಲಗೆಯ ತುದಿಗೆ ಬಂದು ಹಾಗೇ ಒಳಗೆ ಹೋಯಿತು. ಬಸ್ಸಿಗೆ ಹೋದರೆ ಪ್ರಾರ್ಥನೆ ತಪ್ಪುತ್ತದೆ, ಹೆಡ್‌ಮಾಸ್ತರರ ಮುಖ ನೋಡಬೇಕಾಗುತ್ತದೆ. ಎರಡನೇ ವಾರದಿಂದ ಯಾರೂ ಹೇಳದೆಯೇ ತಾನೇ ಹಿಂದೆ ಹೋಗಿ ಡಬ್ಬಿ ಇಟ್ಟು ಬರುವುದು ರೂಢಿಯಾಯಿತು.

ಅವಳ ಅಪ್ಪ ಕೇದಾರಿಗೆ ಎಡಗಣ್ಣು ಹೋದದ್ದು ಬಹಳ ಹಿಂದೆ, ಕಬ್ಬಿನ ಗರಿ ಕೊಯ್ದು. ಆ ಕಣ್ಣಿಗೆ ಬೆಳಕು ನೆರಳು ಬಿಟ್ಟು ಬೇರೆ ತಿಳಿಯುತ್ತಿರಲಿಲ್ಲ. ಕಬ್ಬು ರಾವಸಾಹೇಬ ಮಾಸ್ತರರ ತಂದೆಯದು, ಕೂಲಿ ಕೇದಾರಿಯದು. ಈಗ ಬಲಗಣ್ಣಿಗೂ ಪೊರೆ ಬಂದಿತ್ತು. ಗೋಕಾಕದ ಆಸ್ಪತ್ರೆಯೊಂದರಲ್ಲಿ ಶುಕ್ರವಾರ ಆಪರೇಷನ್ ಆಯಿತು, ಶನಿವಾರ ಮಧ್ಯಾಹ್ನ ಮನೆಗೆ ಕಳಿಸುತ್ತೇವೆಂದರು. ಡಾಕ್ಟರು ಆಮ್ರಪಾಲಿಯನ್ನು ಕೂರಿಸಿಕೊಂಡು ಬಿಡಿಸಿ ಹೇಳಿದ್ದರು: ಧೂಳು ಬಡಿಯಬಾರದು, ತಲೆ ಬಗ್ಗಿಸಬಾರದು, ಜೋರಾಗಿ ಸೀನಬಾರದು, ಕೆಮ್ಮಬಾರದು, ಗಾಡಿಯಲ್ಲಿ ಕುಲುಕಾಟ ಆಗಬಾರದು. ಇದ್ದದ್ದು ಅದೊಂದೇ ಕಣ್ಣು. ಅದೂ ಕೆಟ್ಟರೆ ಮುದುಕ ಕತ್ತಲೆಯಲ್ಲೇ ಕೂರಬೇಕು.

ರಾವಸಾಹೇಬ ಮಾಸ್ತರರು ತಾವಾಗಿಯೇ ಕರೆದರು. ಅದನ್ನೂ ಹೇಳಲೇಬೇಕು.

"ನಮ್ಮ ಗಾಡಿ ಇರಬೇಕಾದ್ರ ಮುದುಕನ್ನ ಬಸ್ನ್ಯಾಗ ಯಾಕ ಕುಣಸ್ತೀರಿ? ಶನಿವಾರ ಸಾಲಿ ಬಿಟ್ಟ ಮ್ಯಾಲೆ ಹೊಳ್ಳಿ ಹೋಗೂ ಮುಂದ ಕರ್ಕೊಂಡ ಹೋಗೂಣು."

ಆಮ್ರಪಾಲಿಗೆ ಕಣ್ಣು ತುಂಬಿ ಬಂದಿತ್ತು. ಛೇ, ಡಬ್ಬಿಯ ವಿಷಯಕ್ಕೆ ಇವರ ಮೇಲೆ ಇಲ್ಲದ್ದೆಲ್ಲ ಕಲ್ಪಿಸಿಕೊಂಡೆನಲ್ಲ ಎಂದು ನಾಚಿಕೆಯೂ ಆಯಿತು. ಸುಡುಗಾಡು ನಾಚಿಕೆ.

ಶನಿವಾರ ಅವಳು ಅಪ್ಪನ ಕೈ ಹಿಡಿದು ಆಸ್ಪತ್ರೆಯ ಮೆಟ್ಟಿಲಿಳಿದಾಗ ಕಾರು ಅಂಗಳದಲ್ಲಿ ನಿಂತಿತ್ತು. ಅನ್ನಪೂರ್ಣಾ ಒಳಗೆ ಫೋನು ನೋಡುತ್ತ ಕೂತಿದ್ದಳು. ಅಷ್ಟರಲ್ಲಿ ಮಾಸ್ತರರು ಪೇಟೆಗೆ ಹೋಗಿ ಒಂದು ಚೀಲ ಒಣಮೆಣಸಿನಕಾಯಿ ತಂದು ಡಿಕ್ಕಿಯಲ್ಲಿ ಒಗೆದಿದ್ದರು. ಕೇದಾರಿಯ ಬಟ್ಟೆಯ ಗಂಟು ಇಡಲೆಂದು ಡಿಕ್ಕಿಯ ಬಾಗಿಲು ಮೇಲೆತ್ತಿದರು. ಖಾರದ ಘಾಟು ದೂರಕ್ಕೇ ಬಡಿಯಿತು.

ಗಂಟು ಒಳಗೆ ಹೋಯಿತು. ಅದರ ಹಿಂದೆಯೇ ಕೇದಾರಿ ಮಗಳ ಕೈ ಬಿಡಿಸಿಕೊಂಡು, ತಡವರಿಸಿ ಡಿಕ್ಕಿಯ ಅಂಚು ಹಿಡಿದು, ಒಂದು ಮಂಡಿ ಊರಿ, ಇನ್ನೊಂದು ಕಾಲೆಳೆದು ಒಳಗೆ ಹತ್ತಿಬಿಟ್ಟ. ಮೆಣಸಿನಕಾಯಿ ಚೀಲವನ್ನು ಆಚೆ ಸರಿಸಿ, ಮೊಣಕಾಲು ಎದೆಗೆ ಹಚ್ಚಿ ಮುದುಡಿ ಕೂತ. ಯಾರೂ ಹತ್ತು ಅಂದಿರಲಿಲ್ಲ. ಬ್ಯಾಂಡೇಜು ಕಟ್ಟಿದ ತಲೆಯನ್ನು ಬಾಗಿಲಿಗೆ ತಗುಲದಂತೆ ಬಗ್ಗಿಸಿಕೊಂಡು, "ಹಾಕ್ರಿ ಸಾವ್ಕಾರ್ರ, ನಾ ಕುಂತೆ," ಎಂದ.

ಆಮ್ರಪಾಲಿ ಮಾಸ್ತರರ ಮುಖ ನೋಡಿದಳು. ಈಗ ಅಂತಾರೆ, ಅಯ್ಯೋ ಇಳೀರಿ ಹಿರಿಯರೇ ಅಂತಾರೆ ಎಂದು ಕಾದಳು. ಆದರೆ ಮಾಸ್ತರರ ಮುಖದ ಮೇಲೆ ಬಂದದ್ದು ಸಮಾಧಾನ. ಕೇಳಲು ಮುಜುಗರವಾಗುತ್ತಿದ್ದ ಕೆಲಸ ಕೇಳದೆಯೇ ಆಗಿಹೋದಾಗ ಬರುತ್ತದಲ್ಲ, ಆ ಸಮಾಧಾನ. ಅವರ ಕೈ ಆಗಲೇ ಬಾಗಿಲಿಗೆ ಹೋಗಿತ್ತು.

"ಅಲ್ಲೇ ಛಲೋ ಆತು ಬಿಡ್ರಿ ಮೇಡಂ. ಕಾಲ ಚಾಚಿ ಕುಂಡರಾಕ ಜಾಗಾ ಐತಿ," ಎಂದರು.

ಆಮ್ರಪಾಲಿಗೆ ಹೇಸಿಗೆಯಾಯಿತು. ಹೇಸಿಗೆ ಅಂದರೆ ಹೇಸಿಗೆ, ಬೇರೆ ಮಾತಿಲ್ಲ. ನಗುವ ಮಾಸ್ತರರ ಮೇಲೆ, ಫೋನಿನಿಂದ ತಲೆ ಎತ್ತದ ಅನ್ನಪೂರ್ಣಾಳ ಮೇಲೆ, ಮುದುಡಿ ಕೂತ ಅಪ್ಪನ ಮೇಲೂ. ಇದೇ ಅಪ್ಪ ಬುದ್ಧನ ಕತೆಯ ಹೆಣ್ಣಿನ ಹೆಸರನ್ನು ಮಗಳಿಗಿಟ್ಟು, ಇಂಥ ಹೆಸರು ನಿಮಗ್ಯಾಕೋ ಎಂದ ಊರ ಹಿರಿಯರಿಗೆ ಎದುರುತ್ತರ ಕೊಟ್ಟು ಬಂದವನು. ಆದರೆ ಗಾಡಿ ಎಂದರೆ ಅವನಿಗೆ ಟ್ರ್ಯಾಕ್ಟರಿನ ಟ್ರಾಲಿ, ಟೆಂಪೋದ ಹಿಂಭಾಗ, ಗೊಬ್ಬರದ ಚೀಲಗಳ ಸಂದಿ. ಜೀವಮಾನವಿಡೀ ಹತ್ತಿದ ಜಾಗಕ್ಕೇ ಈಗಲೂ ಹತ್ತಿದ್ದ. ಮತ್ತೆ ಅವನಿಗೆ ಬೈಯುವ ಬಾಯಾದರೂ ತನಗೆಲ್ಲಿತ್ತು? ಒಂದು ವರ್ಷ ದಿನಾ ಬೆಳಗ್ಗೆ ಇದೇ ಡಿಕ್ಕಿಗೆ, ಹೀಗೆಯೇ, ಯಾರೂ ಹೇಳದೆ ಡಬ್ಬಿ ಇಟ್ಟವಳು ತಾನೇ ಅಲ್ಲವೇ? ಥೂ ಎಂದು ತನ್ನ ಮೇಲೇ ಉಗಿದುಕೊಳ್ಳಬೇಕು ಅನ್ನಿಸಿತು.

"ಅಪ್ಪಾ, ಇಳಿ," ಎಂದಳು.

"ಇಲ್ಲೇ ಬೇಷ ಐತಿ ಪಾಲಿ. ನೀ ಹೋಗಿ ಕುಂಡ್ರ."

"ಮೆಣಸಿನಕಾಯಿ ಘಾಟಿಗೆ ಸೀನಿದ್ರ ಕಣ್ಣ ಹೋಗತೈತಿ. ಇಳಿ ಅಂದ್ನೆಲ್ಲ."

ಮುದುಕ ಹೆದರಿದ್ದು ಕಣ್ಣಿಗಲ್ಲ, ಮಗಳ ದನಿಗೆ. ಮಾಸ್ತರರು ಕೆಮ್ಮಿದರು. "ಹಿಂದ ನೀವಿಬ್ರೂ ಕುಂಡ್ರಾವ್ರು. ನಡುವ ಮುದುಕನ್ನ ಕುಂಡ್ರಿಸಿದ್ರ ಅನ್ನಪೂರ್ಣಾ ಮೇಡಂಗ ತ್ರಾಸ ಆಕ್ಕೈತಿ."

"ಮುಂದಿನ ಸೀಟ ಖಾಲಿ ಐತ್ರಿ ಸರ್."

"ಅಲ್ಲಿ ನನ್ನ ಬ್ಯಾಗ ಐತೆಲ್ರಿ."

ಈ ಮಾತನ್ನು ಅವರು ಸಹಜವಾಗಿಯೇ ಆಡಿದರು. ಅದೇ ಆಮ್ರಪಾಲಿಗೆ ಎಲ್ಲಕ್ಕಿಂತ ಅಸಹ್ಯ ಅನ್ನಿಸಿದ್ದು. ಅವಳು ಮುಂದಿನ ಬಾಗಿಲು ತೆಗೆದಳು. ಬೆಲ್ಟು ಎದೆಗೆ ಅಡ್ಡ ಕಟ್ಟಿಸಿಕೊಂಡು ಬ್ಯಾಗು ಏರ್‌ಬ್ಯಾಗಿನ ಎದುರು ಸುಖವಾಗಿ ಕೂತಿತ್ತು. ಗುಂಡಿ ಒತ್ತಿ ಬಿಡಿಸಿದಳು, ಬ್ಯಾಗನ್ನು ಎತ್ತಿ ತಂದು ಮೆಣಸಿನಕಾಯಿ ಚೀಲದ ಪಕ್ಕ ಇಟ್ಟಳು. ಅಪ್ಪನನ್ನು ತಲೆ ತಗುಲದಂತೆ ಕೆಳಗಿಳಿಸಿ, ನಡೆಸಿಕೊಂಡು ಬಂದು ಸೀಟಿನಲ್ಲಿ ಕೂರಿಸಿ, ಬೆಲ್ಟು ಎಳೆದು ಹಾಕಿದಳು. ಮಾಸ್ತರರು ಎಲ್ಲವನ್ನೂ ನೋಡುತ್ತ ನಿಂತಿದ್ದರು. ಒಬ್ಬ ಹೆಣ್ಣುಮಗಳ ಜೊತೆ ಆಸ್ಪತ್ರೆಯ ಅಂಗಳದಲ್ಲಿ ಬಾಯಿ ಮಾಡುವುದು ಅವರ ಮರ್ಯಾದೆಗೆ ಒಪ್ಪುವಂಥದ್ದಲ್ಲ.

"ತಪ್ಪ ತಿಳೀಬ್ಯಾಡ್ರಿ ಸಾವ್ಕಾರ್ರ," ಎಂದ ಕೇದಾರಿ ಕೈ ಮುಗಿದು. "ಹುಡುಗಿಗೆ ತಿಳಿಯಂಗಿಲ್ಲ."

"ಇರ್ಲಿ ಬಿಡೋ ಕೇದಾರಿ," ಎಂದರು ಮಾಸ್ತರರು. ಕೇದಾರಿಗೆ ಅವರಿಗಿಂತ ಇಪ್ಪತ್ತು ವರ್ಷವಾದರೂ ಹೆಚ್ಚು.

ಕಾರು ಕೊಣ್ಣೂರಿನ ದಾರಿ ಹಿಡಿಯಿತು. ಮಾಸ್ತರರು ತಮ್ಮ ಕಡೆಯ ಕಿಟಕಿಯ ಗಾಜು ಇಳಿಸಿದರು, ಮೊಣಕೈಯನ್ನು ಆಚೆ ಇಟ್ಟುಕೊಂಡು ಆದಷ್ಟೂ ಆ ಕಡೆಗೇ ಸರಿದು ಕೂತರು. ಕೇದಾರಿ ಸೀಟಿಗೆ ಬೆನ್ನು ತಗುಲಿಸದೆ ಕಟ್ಟಿಗೆಯಂತೆ ಕೂತಿದ್ದ, ಕೈಗಳೆರಡೂ ತೊಡೆಯ ಸಂದಿಯಲ್ಲಿ. ಮುಂದೆ ಕಬ್ಬಿನ ಟ್ರ್ಯಾಕ್ಟರೊಂದು ಸನ್ನೆ ಕೊಡದೆ ಹೊರಳಿದಾಗ ಮಾಸ್ತರರು ಬ್ರೇಕು ಒತ್ತಿದರು. ಮುದುಕ ಮುಂದಕ್ಕೆ ಮುಗ್ಗರಿಸಿದ, ಬೆಲ್ಟು ಅವನನ್ನು ಹಿಡಿದು ನಿಲ್ಲಿಸಿತು. ಹಿಂದೆ ಡಿಕ್ಕಿಯಲ್ಲಿ ಮೆಣಸಿನಕಾಯಿ ಚೀಲ ಧಡಲ್ಲನೆ ಉರುಳಿದ ಸದ್ದು ಕೇಳಿ ಆಮ್ರಪಾಲಿ ಮುಂದಕ್ಕೆ ಕೈ ಚಾಚಿ ಅಪ್ಪನ ಭುಜ ಹಿಡಿದಳು.

ಅನ್ನಪೂರ್ಣಾ ಕೊಣ್ಣೂರಿನಲ್ಲಿ ಇಳಿದಳು. ಇಳಿಯುವಾಗ ಆಮ್ರಪಾಲಿಯ ಕೈಯನ್ನು ಮೆಲ್ಲಗೆ ಅದುಮಿದಳು. ಯಾರಿಗೂ ಕಾಣದ ಹಾಗೆ ಅದುಮುವುದೂ ಒಂದು ಸ್ನೇಹವೇ?

ಘೋಡಗೇರಿಯಲ್ಲಿ ಅವರ ಓಣಿಯ ಬಾಯಿಗೆ ಕಾರು ನಿಂತಿತು. ಒಳಗೆ ಹೋಗುವಷ್ಟು ದಾರಿ ಅಗಲವಿದ್ದರೂ ಮಾಸ್ತರರು ಯಾವತ್ತೂ ಒಳಗೆ ತಂದವರಲ್ಲ. ಕೇದಾರಿ ಇಳಿಯುವ ಆತುರದಲ್ಲಿ ಬೆಲ್ಟನ್ನು ಎಳೆದ. ಎಳೆದಷ್ಟೂ ಅದು ಬಿಗಿಯಿತು. ಇನ್ನೂ ಜೋರಾಗಿ ಎಳೆದ, ಅದು ಕುತ್ತಿಗೆಗೆ ಒತ್ತಿತು. ಮುದುಕ ಗಾಬರಿಯಾಗಿ ಬ್ಯಾಂಡೇಜಿನ ತಲೆ ಅತ್ತ ಇತ್ತ ಹೊರಳಿಸತೊಡಗಿದ.

"ಕೆಂಪ ಗುಂಡಿ ಒತ್ತೋ," ಎಂದರು ಮಾಸ್ತರರು.

ಗುಂಡಿ ಇದ್ದದ್ದು ಬಲಗಡೆ, ಸೊಂಟದ ಬದಿಗೆ. ಕಟ್ಟಿದ್ದು ಬಲಗಣ್ಣು. ಮುದುಕನ ಕೈ ಗಾಳಿಯಲ್ಲಿ ತಡಕಾಡಿತು, ಎಲ್ಲಿ ಮಾಸ್ತರರಿಗೆ ತಗುಲೀತೋ ಎಂದು ಹೆದರಿ ಹಿಂದಕ್ಕೆ ಬಂತು. ಮಾಸ್ತರರ ಎಡಗೈ ಗೇರಿನ ಮೇಲಿತ್ತು. ಅಲ್ಲಿಂದ ಗುಂಡಿಗೆ ಒಂದು ಗೇಣು ದೂರವಿಲ್ಲ.

"ಇಲ್ಲೋ, ಕೆಳಗ. ಒತ್ತು, ಒತ್ತು," ಎಂದು ಬೆರಳು ತೋರಿಸುತ್ತಿದ್ದರು. ಬೆರಳು ಅಲ್ಲೇ ಮೇಲೆ ಆಡುತ್ತಿತ್ತು, ಕೆಳಗಿಳಿಯುತ್ತಿರಲಿಲ್ಲ.

ಹಿಂದೆ ಆಮ್ರಪಾಲಿ ತನ್ನ ಬೆಲ್ಟು ಬಿಚ್ಚಿ ಮುಂದಕ್ಕೆ ಬಗ್ಗುವಷ್ಟರಲ್ಲಿ ಮಾಸ್ತರರಿಗೆ ಉಪಾಯ ಹೊಳೆಯಿತು. ಅಂಗಿಯ ಕಿಸೆಯಿಂದ ಪೆನ್ನು ತೆಗೆದರು. ಅದರ ಹಿಂತುದಿಯಿಂದ, ಮುದುಕನ ಸೊಂಟಕ್ಕೆ ಕೈ ತಗುಲದಂತೆ ಜೋಪಾನವಾಗಿ ಗುಂಡಿ ಒತ್ತಿದರು. ಬೆಲ್ಟು ಸರ್ರನೆ ಬಿಚ್ಚಿಕೊಂಡಿತು.

ಆ ಪೆನ್ನನ್ನು ಅವರು ಕಿಸೆಗೆ ಇಟ್ಟುಕೊಳ್ಳಲಿಲ್ಲ. ಒಂದು ಕ್ಷಣ ಅದನ್ನು ನೋಡಿ, ತುದಿ ಹಿಡಿದು ಕೇದಾರಿಯ ಮಡಿಲಿಗೆ ಬಿಟ್ಟರು.

"ಇಟ್ಕೋ ಕೇದಾರಿ. ಛಲೋ ಪೆನ್ನ ಐತಿ."

ಕೇದಾರಿಯ ಮುಖ ಅರಳಿತು. ಸಾವ್ಕಾರರ ಮಗ ಕಾರಿನಲ್ಲಿ ಕರೆತಂದದ್ದಲ್ಲದೆ ಪೆನ್ನು ಬೇರೆ ಕೊಟ್ಟರು. ಎರಡೂ ಕೈಯಲ್ಲಿ ಎತ್ತಿ ಹಣೆಗೆ ಮುಟ್ಟಿಸಿಕೊಳ್ಳಲು ಹೋದ. ಆಮ್ರಪಾಲಿ ಸೀಟುಗಳ ನಡುವಿನಿಂದ ಕೈ ಹಾಕಿ ಅದನ್ನು ಕಸಿದುಕೊಂಡಳು.

"ಸರ್, ನಿಮ್ಮ ಪೆನ್ನ," ಎಂದಳು.

"ಇರ್ಲಿ ಬಿಡ್ರಿ ಮೇಡಂ. ಮನ್ಯಾಗ ಬ್ಯಾರೆ ಅದಾವ."

ಅವಳು ಬಿಡಲಿಲ್ಲ. ಪೆನ್ನನ್ನು ಅವರ ಅಂಗಿಯ ಕಿಸೆಗೆ ತಾನೇ ಇಳಿಬಿಟ್ಟು, ಕ್ಲಿಪ್ಪು ಕೂರುವ ತನಕ ಹೆಬ್ಬೆರಳಿನಿಂದ ಒತ್ತಿದಳು. ಬೆರಳಿನ ಕೆಳಗೆ ಅವರ ಎದೆ ಹಲ್ಲಿ ಬಿದ್ದಂತೆ ಹಿಂದಕ್ಕೆ ಜಿಗಿಯಿತು. ಆಮ್ರಪಾಲಿ ಇನ್ನೂ ಸ್ವಲ್ಪ ಹೊತ್ತು ಕೈ ತೆಗೆಯಲಿಲ್ಲ.